ಕಾಗದ ಓದಿ ಹೇಳುವ ಮಕ್ಕಳು

ಕಾಸರಗೋಡು ಜಿಲ್ಲೆಯ ಗಡಿಭಾಗದ ಹೈಯರ್ ಸೆಕೆಂಡರಿ ಶಾಲೆಯೊಂದರ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ಕ್ರಿಸ್ಮಸ್ ರಜೆಯಲ್ಲಿ ನಡೆಸಿದ ಸಪ್ತದಿನ ಶಿಬಿರದಲ್ಲಿ, ಮಕ್ಕಳ ಮತ್ತು ಹೆತ್ತವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಆಡುವಾಗ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ, ಹೊತ್ತು ಸಾಲದೆ ಬಿಟ್ಟ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿ ಜೀವನದಲ್ಲಿ ಕುಟುಂಬ ಮೌಲ್ಯ, ಸಮಾಜಸೇವೆ ಮತ್ತು ನಾಯಕತ್ವ’. ಬ್ಯಾನರಿನ ಒಂದು ಸಾಲಿನಲ್ಲಿ ಹಿಡಿಸದೆ ಎರಡು ಸಾಲು ಮಾಡಿದ್ದಾರೆ. ಇಂಥ ಬ್ಯಾನರಿನ ಕೆಳಗೆ ನಿಂತವರು ಸಾಮಾನ್ಯವಾಗಿ ವಿವೇಕಾನಂದರಿಂದ ಶುರು ಮಾಡಿ ಕಲಾಂ ಅವರಲ್ಲಿ ಮುಗಿಸುತ್ತಾರೆ. ಇಬ್ಬರ ಮೇಲೂ ನನಗೆ ಗೌರವ ಉಂಟು. ಆದರೆ ಬೆಳಗ್ಗೆ ಎದ್ದು ತೋಡಿಗಿಳಿದು, ಹಳ್ಳದ ನೀರು ನಿಲ್ಲಿಸುವ ಕಟ್ಟ ಕಟ್ಟಿ, ಹೊಟ್ಟೆ ತುಂಬ ಉಂಡು ಬಂದು ಕೂತ ಮಕ್ಕಳಿಗೆ ಈ ಹೊತ್ತಿನಲ್ಲಿ ಅದನ್ನೆಲ್ಲ ಹೇಳಿದರೆ ನಿದ್ದೆ ಬಾರದೆ ಇರುತ್ತದೆಯೇ? ನಮ್ಮ ಊರಿನ ಸಂಗತಿಯನ್ನೇ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಪಂಚಾಯತಿನಿಂದಲೋ ವಿಲ್ಲೇಜ್ ಆಫೀಸಿನಿಂದಲೋ ಬ್ಯಾಂಕಿನಿಂದಲೋ ಮನೆಗೆ ಬಂದ ಕಾಗದವನ್ನು ಅಮ್ಮನಿಗೋ ಅಜ್ಜನಿಗೋ ಓದಿ ಹೇಳಿದವರು ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ ನೋಡುವ. ಹಾಂ, ಮುಕ್ಕಾಲು ಪಾಲು ಕೈ ಮೇಲೆ ಹೋಯಿತು. ಹಿಂದಿನ ಸಾಲಿನಲ್ಲಿ ಕೂತ ಅಮ್ಮಂದಿರು ನಗುತ್ತಿದ್ದಾರೆ, ಅಂದರೆ ಸುಳ್ಳಲ್ಲ.

1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಹೊರಬಿದ್ದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಹೇಳಿದ್ದು ವರದಿಯಲ್ಲೇ ಉಳಿಯಿತು. 1984ರ ಮೇ 24ಕ್ಕೆ ನಮ್ಮದೇ ಒಂದು ಜಿಲ್ಲೆ ಆಯಿತು. ಈ ಚರಿತ್ರೆ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಆದರೆ ಅದರ ಒಂದು ಫಲವನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಇಲ್ಲಿ ಕನ್ನಡ ಓದಿದ ಹಿರಿಯರ ಮನೆಗೆ ಬರುವ ಸರ್ಕಾರಿ ಕಾಗದ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಮನೆಯ ಯಜಮಾನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆರನೆಯದರಲ್ಲೋ ಏಳನೆಯದರಲ್ಲೋ ಓದುವ ಮಗುವಿನ ಕೈಗೆ ಕೊಡುತ್ತಾನೆ. ಬೇರೆ ಕಡೆಯ ಮಕ್ಕಳಿಗೆ ಕಾಲೇಜು ಮುಗಿದ ಮೇಲೆ ಬರುವ ಜವಾಬ್ದಾರಿ ನಮ್ಮ ಮಕ್ಕಳಿಗೆ ಹನ್ನೆರಡರಲ್ಲೇ ಬರುತ್ತದೆ. ಇದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಅನ್ಯಾಯದ ಒಳಗಿಂದ ಕೆಲವು ಮಕ್ಕಳು ಏನು ಮಾಡಿಕೊಂಡರು ಎಂಬುದಷ್ಟೇ ನನ್ನ ಇವತ್ತಿನ ಮಾತು.

ನನ್ನ ವಿದ್ಯಾರ್ಥಿನಿಯೊಬ್ಬಳಿದ್ದಳು. ಹೆಸರು ಬೇಡ, ಹೇಳಿದರೆ ಅವಳಿಗೇ ಇಷ್ಟವಾಗದು. ಮುರಕಲ್ಲಿನ ಗುಡ್ಡೆಯ ಬುಡದಲ್ಲಿ ಮನೆ. ಅಪ್ಪ ಅಡಕೆ ತೋಟಗಳಲ್ಲಿ ಮರ ಹತ್ತುವವರು, ಅಮ್ಮ ಬೀಡಿ ಕಟ್ಟುವವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ಮಲಯಾಳ. ಮಲಯಾಳ ಅಕ್ಷರಗಳು ಅವಳಿಗೆ ಕುದುರಿದ್ದು ಪಾಠಪುಸ್ತಕಕ್ಕಿಂತ ಹೆಚ್ಚಾಗಿ ಬಸ್ಸಿನ ಬೋರ್ಡುಗಳಿಂದ, ರೇಷನ್ ಅಂಗಡಿಯ ಗೋಡೆಯಿಂದ. ಸಂಜೆ ಜಗಲಿಯಲ್ಲಿ ಅಮ್ಮ ಗೆರಸೆಯನ್ನು ತೊಡೆಯ ಮೇಲಿಟ್ಟು ಎಲೆ ಕತ್ತರಿಸುತ್ತಾ ‘ಓದು’ ಎನ್ನುತ್ತಿದ್ದರಂತೆ. ಕೈ ನಿಲ್ಲುವುದಿಲ್ಲ. ಎಲೆ, ಹೊಗೆಸೊಪ್ಪಿನ ಹುಡಿ, ಸುರುಳಿ, ನೂಲು. ಇವಳು ಮೇಲಿನಿಂದ ಸರ್ಕಾರದ ವಿಳಾಸ, ನಂಬರು, ‘ಸೂಚನೆ’ ಎಲ್ಲ ಓದುತ್ತಾ ಹೋದರೆ ಅಮ್ಮ ತಲೆ ಎತ್ತದೆ ಕೇಳುವುದು ಒಂದೇ: ‘ಅದೆಲ್ಲ ಇರಲಿ, ಕಡೆಯ ತಾರೀಕು ಯಾವಾಗ?’ ಕಾಗದದಲ್ಲಿ ಮೊದಲು ನೋಡಬೇಕಾದದ್ದು ಕಡೆಯ ತಾರೀಕು ಎಂಬುದು ಆ ತಾಯಿಗೆ ಮಲಯಾಳ ಅಕ್ಷರ ಬಾರದೆಯೂ ಗೊತ್ತಿತ್ತು. ನಮ್ಮ ಎಷ್ಟೋ ಪದವೀಧರರಿಗೆ ಇನ್ನೂ ಗೊತ್ತಿಲ್ಲ.

ಅವರ ಮನೆಯಲ್ಲಿ ಹುಡುಗಿ ಮಲಯಾಳ ಓದುತ್ತಾಳಂತೆ ಎಂಬ ಸುದ್ದಿ ಹರಡಿತು. ನೆರೆಕರೆಯವರು ರೇಷನ್ ಕಾರ್ಡಿನ ನಡುವೆ ಕಾಗದ ಮಡಚಿಟ್ಟುಕೊಂಡು ಬರತೊಡಗಿದರು. ಆಗ ಅಮ್ಮ ಎರಡು ಕಟ್ಟಳೆ ಮಾಡಿದರು. ಬಂದವರನ್ನು ‘ನಾಳೆ ಬನ್ನಿ’ ಎಂದು ಕಳಿಸಬಾರದು, ಪರೀಕ್ಷೆಯ ಹಿಂದಿನ ದಿನವಾದರೂ ಸರಿ. ಎರಡನೆಯದು, ಓದಿದ್ದು ಆ ಜಗಲಿ ದಾಟಬಾರದು. ಯಾರ ಸಾಲ ಎಷ್ಟು, ಯಾರ ಮನೆಗೆ ಜಪ್ತಿ ನೋಟೀಸು ಬಂತು, ಯಾವ ಮದುವೆ ಕೋರ್ಟಿನಲ್ಲಿ ಉಂಟು, ಎಲ್ಲವೂ ಆ ಹುಡುಗಿಯ ಕಣ್ಣಿನ ಕೆಳಗೆ ಹಾದುಹೋಗುತ್ತಿತ್ತು. ಹದಿಮೂರು ವರ್ಷದ ಮಗು ಇಡೀ ಗುಡ್ಡೆಯ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಬಂದು ನಮ್ಮೆದುರು ಗಣಿತ ಬರೆಯುತ್ತಿತ್ತು. ಕುಟುಂಬ ಮೌಲ್ಯ ಎಂದರೆ ಏನು ಎಂದು ಕೇಳುತ್ತಾರಲ್ಲ, ನನಗೆ ತಟ್ಟನೆ ನೆನಪಾಗುವುದು ಈ ಎರಡನೆಯ ಕಟ್ಟಳೆ. ಅದನ್ನು ಆ ಮನೆಯಲ್ಲಿ ಯಾರೂ ಮೌಲ್ಯ ಎಂದು ಕರೆದಿರಲಿಲ್ಲ, ‘ಮರ್ಯಾದೆ’ ಎನ್ನುತ್ತಿದ್ದರು, ಅಷ್ಟೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮನೆಯ ಹೊಣೆ ಹೊರುವುದು ದೊಡ್ಡದು ಎಂದು ನಾವು ಹೊಗಳುತ್ತೇವೆ. ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಓದುತ್ತಿದ್ದವರು ಮನೆಯ ಕಾರಣಕ್ಕೆ ಬಿ.ಎ. ಪೂರ್ತಿ ಮಾಡದೆ ಊರಿಗೆ ಮರಳಿದರು, ಆಮೇಲೆ ಹತ್ತಾರು ಭಾಷೆ ಕಲಿತರು, 1949ರಲ್ಲಿ ರಾಷ್ಟ್ರಕವಿ ಎನಿಸಿದರು. ಆದರೆ ಅವರಿಗೆ ಮನೆ ತುಂಬ ಪುಸ್ತಕವಿತ್ತು, ಓದಿಕೊಂಡೇ ಇರುವ ಅನುಕೂಲವಿತ್ತು. ಬೀಡಿ ಕಟ್ಟುವವರ ಮಗಳು ಪ್ಲಸ್ ಟು ಬಿಟ್ಟರೆ ಅವಳ ಕೈಗೆ ಬರುವುದು ಗೆರಸೆ. ಹಾಗಾಗಿ ಮನೆಗಾಗಿ ಓದು ತ್ಯಾಗ ಮಾಡಿದ ಕಥೆಗಳನ್ನು ಹುಡುಗಿಯರ ಮುಂದೆ ಹೇಳುವಾಗ ನಾನು ಜಾಗ್ರತೆ ಮಾಡುತ್ತೇನೆ. ಈ ತಾಯಿಗೂ ಅದು ಗೊತ್ತಿತ್ತು. ಮಗಳ ಕೈಗೆ ಕಾಗದ ಕೊಟ್ಟರು, ಬೀಡಿ ಎಲೆ ಮಾತ್ರ ಮುಟ್ಟಗೊಡಲಿಲ್ಲ.

ಪ್ಲಸ್ ವನ್‌ಗೆ ಬಂದಾಗ ಅವಳು ಎನ್ನೆಸ್ಸೆಸ್ ಸೇರಿದಳು. ಗ್ರೇಸ್ ಮಾರ್ಕಿಗಾಗಿಯೇ ಸೇರಿದ್ದು, ಅದನ್ನು ಅವಳೇ ನನ್ನ ಹತ್ತಿರ ಹೇಳಿದ್ದಾಳೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ ಈ ಯೋಜನೆ ಶುರುವಾದಾಗ ‘ನಾನಲ್ಲ, ನೀನು’ ಎಂಬ ಧ್ಯೇಯವಾಕ್ಯ ಇಟ್ಟರು. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಒಂದು ಏಳು ದಿನದ ಶಿಬಿರ. ಹದಿನಾರರ ಮಗು ‘ನಾನಲ್ಲ’ ಎಂದು ಮೊದಲ ದಿನವೇ ಹೇಳಿಬಿಡಬೇಕೆಂದು ನಾವು ನಿರೀಕ್ಷಿಸಬಾರದು. ಮಾರ್ಕಿಗೆ ಬಂದವರು ಕೆಲಸಕ್ಕೆ ಉಳಿದದ್ದನ್ನು ನೋಡಿದ್ದೇನೆ. ಸೇವೆ ಸೇವೆ ಎಂದು ಬಂದವರು ಫೋಟೋ ತೆಗೆಸಿಕೊಂಡು ಹೋದದ್ದನ್ನೂ ನೋಡಿದ್ದೇನೆ.

2019ರಲ್ಲಿ ಸಾಮಾಜಿಕ ಭದ್ರತಾ ಪಿಂಚಣಿಗೆ ಮಸ್ಟರಿಂಗ್ ಬಂತು. ಪಿಂಚಣಿ ಪಡೆಯುವವರು ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ, ತಾವು ಬದುಕಿದ್ದೇವೆ ಎಂದು ತೋರಿಸಬೇಕು. ಇವಳ ಮನೆಯ ಮೇಲಿನ ಕಲ್ಲುಪಾರೆಯಲ್ಲಿ ಒಬ್ಬಂಟಿ ಅಜ್ಜಿಯೊಬ್ಬರಿದ್ದರು. ಗುಡ್ಡೆ ಇಳಿದು ಬರಲಾರದವರು. ಅವರಿಗೆ ವಿಷಯ ಗೊತ್ತಾದದ್ದು ಪಿಂಚಣಿ ನಿಂತ ಮೇಲೆ. ಹುಡುಗಿ ಶಿಬಿರದಲ್ಲಿ, ಇದೇ ರೀತಿಯ ಒಂದು ಮಧ್ಯಾಹ್ನ, ಎದ್ದು ಹೇಳಿದಳು: ‘ಸಾರ್, ನಾವು ಬಸ್ ಸ್ಟಾಪಿಗೆ ಬಣ್ಣ ಬಳಿಯುವುದು ಬಿಟ್ಟು ಕಾಗದ ಓದುವ.’ ನಕ್ಕವರೇ ಹೆಚ್ಚು. ಆದರೂ ಊರಿನ ಗ್ರಂಥಾಲಯದ ಒಂದು ಮೂಲೆಯಲ್ಲಿ ವಾರಕ್ಕೊಂದು ಸಂಜೆ ಮೇಜು ಹಾಕಿದರು. ಪಿಂಚಣಿ, ರೇಷನ್ ಕಾರ್ಡು ತಿದ್ದುಪಡಿ, ಮನೆಯಿಲ್ಲದವರಿಗೆ ಸರ್ಕಾರ ಕೊಡುವ ಲೈಫ್ ಮಿಷನ್ ಮನೆಯ ಅರ್ಜಿ, ಆದಾಯ ಸರ್ಟಿಫಿಕೇಟು. ಜನ ಬಂದರು, ಬಂದದ್ದು ಮೇಜಿಗಲ್ಲ, ಅವಳ ಹತ್ತಿರಕ್ಕೆ. ಬೇರೆ ಮಕ್ಕಳು ಬೆಂಚು ಎತ್ತಿಡುವುದು, ನೀರು ಕೊಡುವುದು. ಬರೆಯುವವಳು ಅವಳೊಬ್ಬಳೇ. ಬೇರೆಯವರು ತಪ್ಪು ಮಾಡುತ್ತಾರೆ ಎಂದು ಪೆನ್ನು ಕೈಬಿಡಳು. ಎರಡು ತಿಂಗಳಲ್ಲಿ ಗೆಳತಿಯರಿಗೆ ಅವಳ ಮೇಲೆ ಸಿಟ್ಟು, ಅವಳಿಗೆ ಎಲ್ಲರ ಮೇಲೆ ಸಿಟ್ಟು. ‘ಯಾರಿಗೂ ಆಸಕ್ತಿಯೇ ಇಲ್ಲ ಸಾರ್’ ಎಂದು ನನ್ನ ಹತ್ತಿರ ದೂರು.

ಇದು ಒಳ್ಳೆಯ ಮಕ್ಕಳಿಗೇ ಬರುವ ಕಾಯಿಲೆ. ಹಿರಿಯರಿಗೂ ಉಂಟು. ನಮ್ಮ ಎಷ್ಟು ಕನ್ನಡ ಸಂಘಗಳಲ್ಲಿ ಒಬ್ಬರೇ ಕಾರ್ಯದರ್ಶಿ ಮೂವತ್ತು ವರ್ಷ ಎಲ್ಲ ಕೆಲಸ ಮಾಡಿ, ಅವರು ಮಲಗಿದ ದಿನ ಸಂಘವೂ ಮಲಗಿಲ್ಲವೇ! ಪರಿಹಾರ ಸೂಚಿಸಿದ್ದು ನಾನಲ್ಲ, ಅವಳ ಅಮ್ಮ. ‘ನಾನು ಬೀಡಿ ಕಟ್ಟಲು ಕಲಿತದ್ದು ನೋಡಿ ಅಲ್ಲ, ಎಲೆ ಹಾಳು ಮಾಡಿ. ನಿನ್ನ ಗೆಳತಿಯರಿಗೂ ನಾಲ್ಕು ಎಲೆ ಹಾಳು ಮಾಡಲು ಬಿಡು’ ಎಂದರಂತೆ. ಅವಳು ಬಿಡುತ್ತಿದ್ದಳೋ ಇಲ್ಲವೋ, ಅಷ್ಟರಲ್ಲಿ 2020ರ ಮಾರ್ಚ್ ಬಂತು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮಗೆ ಆ ದಿನಗಳು ಹೇಗಿದ್ದವೆಂದು ಇಲ್ಲಿ ಕೂತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಅವಳೂ ಮನೆಯಿಂದ ಹೊರಡುವಂತಿರಲಿಲ್ಲ. ಆದರೆ ವಾರದ ಸಂಜೆಗಳಲ್ಲಿ ಬರೆದಿಟ್ಟ ಒಂದು ನೋಟುಬುಕ್ಕು ಇತ್ತು. ಯಾವ ಮನೆಯಲ್ಲಿ ಒಬ್ಬಂಟಿ ಹಿರಿಯರು, ಯಾರಿಗೆ ಡಯಾಲಿಸಿಸ್, ಯಾರು ನಿತ್ಯ ಇನ್ಸುಲಿನ್ ತೆಗೆದುಕೊಳ್ಳುವವರು. ಅವಳು ಫೋನಿನಲ್ಲಿ ಓದಿದಳು, ಒಬ್ಬೊಬ್ಬರು ತಮ್ಮ ತಮ್ಮ ಗುಡ್ಡೆಯ ಪಟ್ಟಿ ಬರೆದುಕೊಂಡರು, ಔಷಧದ ಚೀಟಿಯ ಫೋಟೋ ತೆಗೆದು ವಾರ್ಡು ಮೆಂಬರಿಗೆ, ಆರೋಗ್ಯ ಕೇಂದ್ರಕ್ಕೆ ಕಳಿಸಿದರು. ಅಗ್ನಿಶಾಮಕ ದಳದವರು ಆಗ ಔಷಧ ಮುಟ್ಟಿಸುತ್ತಿದ್ದರು. ಅವರಿಗೆ ದಾರಿ ಹೇಳಲು ಮಲಯಾಳ ಬೇಕು, ರೋಗಿಯ ಹತ್ತಿರ ಕೇಳಲು ತುಳುವೋ ಕನ್ನಡವೋ ಬ್ಯಾರಿಯೋ ಬೇಕು. ನಡುವೆ ನಿಂತವರು ಈ ಮಕ್ಕಳು. ಒಬ್ಬ ಹುಡುಗ ವಾರ್ಡು ನಂಬರಿನ ಜಾಗದಲ್ಲಿ ಮನೆ ನಂಬರು ಬರೆದು ಔಷಧ ಎರಡು ಕಿಲೋಮೀಟರ್ ಆಚೆಗೆ ಹೋಯಿತು, ಮರುದಿನ ಸರಿಯಾಯಿತು. ಎಲೆ ಹಾಳಾದದ್ದು ಅಷ್ಟೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವಳಿಲ್ಲದೆಯೂ ಅರ್ಜಿ ಬರೆಯಬಲ್ಲ ಮಕ್ಕಳು ಪ್ರತಿ ಗುಡ್ಡೆಯಲ್ಲೂ ತಯಾರಾಗಿದ್ದರು. ಅವಳು ನಾಯಕಿಯಾದದ್ದು ಆಗ ಎಂದು ನನ್ನ ಲೆಕ್ಕ. ಪ್ಲಸ್ ಟುವಿನಲ್ಲಿ ವಾಲಂಟಿಯರ್ ಲೀಡರ್ ಎಂದು ಹೆಸರು ಕೊಟ್ಟದ್ದು ಆಮೇಲಿನ ಔಪಚಾರಿಕತೆ.

ಇಂಥದ್ದನ್ನು ಕಲಿಸುವ ಜಾಗ ನಮ್ಮಲ್ಲಿ ಮೊದಲೂ ಇತ್ತು. ಜೆಂಬಾರದ, ಅಂದರೆ ಮದುವೆ ಮುಂಜಿಯಂಥ ಸಮಾರಂಭದ ಮನೆಯ ಸುಧರಿಕೆ, ಊಟದ ಉಸ್ತುವಾರಿ. ಮುನ್ನಾದಿನ ಸಂಜೆ ನೆರೆಕರೆಯವರು ಮಣೆ ಕತ್ತಿ ಹಿಡಿದುಕೊಂಡು ತರಕಾರಿ ಹೆಚ್ಚಲು ಬರುತ್ತಾರೆ, ಯಾರೂ ಕರೆದು ಹೇಳಬೇಕಾಗಿಲ್ಲ. ಮರುದಿನ ಬಡಿಸುವಾಗ ಹುಡುಗರಿಗೆ ಕ್ರಮ ಉಂಟು. ಮೊದಲು ನೀರು. ಚೆಲ್ಲದೆ ಬಡಿಸಿದರೆ ಉಪ್ಪು, ಉಪ್ಪಿನಕಾಯಿ. ಆಮೇಲೆ ಪಲ್ಯ, ಅನ್ನ. ಪಾಯಸದ ಬಾಲ್ದಿ ಕೈಗೆ ಬರಬೇಕಾದರೆ ಕೆಲವು ವರ್ಷ ಕಳೆಯಬೇಕು. ಎಲ್ಲಕ್ಕಿಂತ ಮೇಲಿನವನ ಕೈಯಲ್ಲಿ ಏನೂ ಇರುವುದಿಲ್ಲ. ಅವನು ಪಂಕ್ತಿಯ ನಡುವೆ ನಡೆಯುತ್ತಾ ಎಲೆ ನೋಡುತ್ತಾನೆ, ಯಾರಿಗೆ ಸಾರು ತಲುಪಿಲ್ಲ ಎಂದು ಕಣ್ಣಿನಲ್ಲೇ ಹೇಳುತ್ತಾನೆ, ಕಡೆಯ ಪಂಕ್ತಿಗೆ ಕೂರುತ್ತಾನೆ. ಆಗ ಪಾಯಸ ಮುಗಿದಿದ್ದರೂ ಮುಗಿದಿರಬಹುದು. ಈಗ ಕೇಟರಿಂಗ್ ಬಂದಿದೆ. ಕೇಟರಿಂಗಿನಲ್ಲಿ ಸಮವಸ್ತ್ರ ಹಾಕಿ ಬಡಿಸುವವರೂ ನಮ್ಮ ಪ್ಲಸ್ ಟು ಹುಡುಗರೇ, ಭಾನುವಾರದ ಖರ್ಚಿಗೆ. ಅವರನ್ನು ಕಂಡು ‘ಸೇವೆ ಹೋಯಿತು, ಕೂಲಿ ಬಂತು’ ಎಂದು ಕೊರಗುವವರ ಗುಂಪಿನಲ್ಲಿ ನಾನಿಲ್ಲ. ದುಡಿದು ಫೀಸು ಕಟ್ಟುವ ಹುಡುಗನ ಮುಂದೆ ಆ ಮಾತು ಆಡಲು ನಾಲಗೆ ಏಳಬಾರದು.

ಆದರೆ ಅದೇ ಜೆಂಬಾರದ ಮನೆಯಲ್ಲಿ ಯಾರ ಪಂಕ್ತಿ ಯಾವ ಕಡೆ ಎಂಬ ಲೆಕ್ಕವೂ ಇತ್ತು, ಕೆಲವು ಕಡೆ ಈಗಲೂ ಉಂಟು. ಮನೆಯ ಮೌಲ್ಯವೆಂದು ನಾವು ಮಕ್ಕಳಿಗೆ ಕೊಡುವ ಗಂಟಿನಲ್ಲಿ ಈ ಕಸವೂ ಸೇರಿರುತ್ತದೆ. ಒಂದು ವರ್ಷ ನಮ್ಮ ಮಕ್ಕಳು ಕೊರಗರ ಕಾಲೊನಿಗೆ ಸರ್ವೆಗೆ ಹೋದರು. ಕೇರಳದ ಐದು ಅತಿ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರೂ ಒಬ್ಬರು, ಈ ರಾಜ್ಯದಲ್ಲಿ ಅವರ ನೆಲೆ ನಮ್ಮ ಜಿಲ್ಲೆಯೇ. ಬುಟ್ಟಿ ಹೆಣೆಯುತ್ತಿದ್ದ ಹೆಂಗಸು ಎದ್ದು ಹೋಗಿ ಎಲ್ಲರಿಗೂ ಚಾ ತಂದರು. ಒಬ್ಬ ಹುಡುಗ ‘ನನಗೆ ಚಾ ಅಭ್ಯಾಸ ಇಲ್ಲ’ ಎಂದ. ಶಾಲೆಯ ಎದುರಿನ ಹೋಟೆಲಿನಲ್ಲಿ ದಿನಕ್ಕೆ ಎರಡು ಸಲ ಕುಡಿಯುವವನು. ಆ ಹೆಂಗಸಿಗೂ ಅರ್ಥವಾಯಿತು, ಏನೂ ಹೇಳದೆ ಗ್ಲಾಸು ಒಳಗೆ ಕೊಂಡುಹೋದರು. ಅವನನ್ನು ಬೈಯಲಿಲ್ಲ ನಾನು, ಅವನು ಮನೆಯಲ್ಲಿ ಕಲಿತ ಪಾಠವನ್ನೇ ಒಪ್ಪಿಸಿದ್ದ. ಮುಂದಿನ ಎಲ್ಲ ಸರ್ವೆಗೂ ಅದೇ ಮನೆಗಳನ್ನು ಅವನ ಪಾಲಿಗೆ ಹಾಕಿದೆ. ಕೆಲವು ತಿಂಗಳಾದ ಮೇಲೆ ಅಲ್ಲಿನ ಹುಡುಗನೊಬ್ಬನಿಗೆ ಸ್ಕಾಲರ್‌ಶಿಪ್ ಅರ್ಜಿ ಬರೆದುಕೊಡುತ್ತಾ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದುದನ್ನು ಕಂಡೆ. ತನ್ನ ಮನೆಯಲ್ಲಿ ಅದನ್ನು ಹೇಳಿದನೋ ಇಲ್ಲವೋ, ನಾನು ಕೇಳಲಿಲ್ಲ.

ಇವತ್ತು ಬೆಳಗ್ಗೆ ನೀವು ಕಟ್ಟಿದ ಕಟ್ಟದ ಬಗ್ಗೆ ಒಂದಿಷ್ಟು ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮೀರಿ ಮಳೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮವು. ಆದರೂ ಏಪ್ರಿಲಿನಲ್ಲಿ ಬಾವಿಯ ಹಗ್ಗಕ್ಕೆ ಗಂಟು ಹಾಕಿ ಉದ್ದ ಮಾಡಬೇಕಾಗುತ್ತದೆ. ಮಳೆಯ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ನೆಲ ಇಳಿಜಾರು, ಮುರಕಲ್ಲಿನ ಗುಡ್ಡೆಗಳಿಂದ ನೀರು ಓಡಿ ಸಮುದ್ರ ಸೇರುತ್ತದೆ. ಅದಕ್ಕೇ ನಮ್ಮ ಹಿರಿಯರು ಸುರಂಗ ಕೊರೆದರು, ತೋಡಿಗೆ ಕಟ್ಟ ಕಟ್ಟಿದರು. ಏತಡ್ಕದ ಕಟ್ಟಗಳ ಬಗ್ಗೆ ಪಡ್ರೆ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಬರೆದದ್ದನ್ನು ಓದಿ, ನಿಮ್ಮ ಗ್ರಂಥಾಲಯದಲ್ಲಿ ಸಿಕ್ಕೀತು. ಡಿಸೆಂಬರ್ ಜನವರಿಯಲ್ಲಿ ತೋಡಿನ ಹರಿವು ತೆಳ್ಳಗಾದಾಗ ಕಟ್ಟ. ಬೇಗ ಕಟ್ಟಿದರೆ ಕೊಚ್ಚಿಕೊಂಡು ಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ.

ಬೆಳಗ್ಗೆ ನಾನು ದಡದಲ್ಲಿ ನಿಂತು ನೋಡಿದೆ. ದೊಡ್ಡ ಕಲ್ಲು ಎತ್ತಿದ ಹುಡುಗರಿಗೆ ಚಪ್ಪಾಳೆ ಬಿತ್ತು. ಆದರೆ ಕಟ್ಟ ನಿಂತದ್ದು ಬುಡದಲ್ಲಿ ಕೂತು ಕೊಳೆತ ಎಲೆ, ಹೊಯಿಗೆ ಬಾಚಿ ತೆಗೆದು ಗಟ್ಟಿ ನೆಲ ಕಾಣಿಸಿದ ಆ ಇಬ್ಬರು ಹುಡುಗಿಯರಿಂದ. ಎಲೆಯ ಮೇಲೆ ಕಲ್ಲಿಟ್ಟರೆ ನೀರು ಅಡಿಯಿಂದಲೇ ದಾರಿ ಮಾಡಿಕೊಳ್ಳುತ್ತದೆ, ಮೇಲೆ ಎಷ್ಟು ಎತ್ತರ ಮಾಡಿದರೂ ಪ್ರಯೋಜನವಿಲ್ಲ. ಇದನ್ನು ಅವರಿಗೆ ತೋರಿಸಿಕೊಟ್ಟವರು ತೋಟದ ಯಜಮಾನರಲ್ಲ, ಅವರಲ್ಲಿ ಕೆಲಸಕ್ಕೆ ಬರುವ ಅಜ್ಜ. ಅವರು ಕಾಲಿನ ಬೆರಳಿನಿಂದ ತಡವಿ ‘ಇಲ್ಲಿ ಇನ್ನೂ ಮೆತ್ತಗೆ’ ಎನ್ನುತ್ತಿದ್ದರು. ಸಂಜೆ ಉದ್ಘಾಟನೆಗೆ ಫಲಕ ಹಾಕುತ್ತೀರಂತೆ. ಹಾಕುವುದಾದರೆ ಆ ಅಜ್ಜನ ಹೆಸರನ್ನೂ ಹಾಕಿ ಎಂದು ಸಂಘಟಕರಲ್ಲಿ ವಿನಂತಿ.

ಕಲ್ಲು ಇಡುವ ಮೊದಲಿನ ಕೆಲಸವೂ ಉಂಟು, ಅದು ಶಿಬಿರದ ದಿನಚರಿಯಲ್ಲಿ ಕಾಣುವುದಿಲ್ಲ. ಮೇಲಿನವರು ಕಟ್ಟ ಕಟ್ಟಿದರೆ ಕೆಳಗಿನವರಿಗೆ ನೀರು ತಪ್ಪೀತೆಂಬ ಹೆದರಿಕೆ. ತುಂಬಿ ಹರಿದ ನೀರು, ಒಸರಿದ ನೀರು ಕೆಳಗಿನ ಕಟ್ಟಕ್ಕೆ ಸಿಗುತ್ತದೆ, ಸಾಲಾಗಿ ಕಟ್ಟಿದರೆ ಎಲ್ಲರ ಬಾವಿಯೂ ಏರುತ್ತದೆ ಎಂದು ಮನೆ ಮನೆಗೆ ಹೋಗಿ ಒಪ್ಪಿಸಬೇಕು. ಮಾತು ಬಿಟ್ಟ ಅಣ್ಣ ತಮ್ಮಂದಿರ ತೋಟಗಳ ನಡುವೆ ತೋಡು ಹರಿಯುತ್ತಿದ್ದರೆ ಮುಗಿಯಿತು! ಆ ಮನೆಗಳ ಮೆಟ್ಟಲು ಹತ್ತಿದವರು ನಿಮ್ಮಲ್ಲಿ ಯಾರೋ ಇದ್ದಾರೆ. ಅವರಿಗೆ ಚಪ್ಪಾಳೆ ಬಿದ್ದಿಲ್ಲ, ಈಗ ಹೊಡೆಯಿರಿ.

ಸೇವೆಯನ್ನು ಅನುಕಂಪ ಎಂದುಕೊಂಡವರಿಗೆ ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಕೀಟನಾಶಕದ ಚರಿತ್ರೆ ಓದಲು ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಸಣ್ಣ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗಮನಿಸಿ ಬರೆದಿಡತೊಡಗಿದರು. ಕೃಷಿ ಇಲಾಖೆಯ ಸಾಮಾನ್ಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ 1998ರಲ್ಲಿ ತಡೆ ತಂದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ನಿಷೇಧ ಹೇರಿದ್ದು 2011ರ ಮೇ 13ಕ್ಕೆ. ಲೆಕ್ಕ ಹಾಕಿ, ಎಷ್ಟು ವರ್ಷ. ಈ ಇಬ್ಬರಿಗೂ ಕೈಯಲ್ಲಿ ಅಧಿಕಾರ ಇರಲಿಲ್ಲ, ಒಬ್ಬರಿಗೆ ರೋಗಿಗಳ ಟಿಪ್ಪಣಿ, ಇನ್ನೊಬ್ಬರಿಗೆ ಒಂದು ಅರ್ಜಿ. ನೀವು ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗುತ್ತೀರಿ, ಅಲ್ಲಿನ ಮಕ್ಕಳೊಡನೆ ಹಾಡುತ್ತೀರಿ, ಒಳ್ಳೆಯದು. ಆದರೆ ಫೋಟೋ ಬೇಡ. ಆ ಮಕ್ಕಳ ಫೋಟೋ ಲೋಕವೆಲ್ಲ ಬೇಕಾದಷ್ಟು ನೋಡಿ ಆಗಿದೆ. ಬದಲಿಗೆ ಅಲ್ಲಿನ ತಾಯಂದಿರ ಹತ್ತಿರ ಕೂತು ಕೇಳಿ: ಯಾವ ಔಷಧ ಈ ತಿಂಗಳು ಸಿಗಲಿಲ್ಲ, ಯಾರ ಹೆಸರು ಇನ್ನೂ ಸಂತ್ರಸ್ತರ ಪಟ್ಟಿಗೆ ಸೇರಿಲ್ಲ. ಬರೆದುಕೊಳ್ಳಿ.

ಬದಿಯಡ್ಕದ ಹತ್ತಿರದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರನ್ನು ನಿಮ್ಮಲ್ಲಿ ಹಲವರ ಮನೆಯವರು ಕಂಡಿರಬಹುದು. 2022ರ ಜನವರಿಯಲ್ಲಿ ತೀರಿಕೊಂಡರು. ಮಳೆಗೆ ಗುಡಿಸಲು ಬಿದ್ದವರೊಬ್ಬರು ಸಹಾಯ ಕೇಳಿ ಬಂದಾಗ, ಯಾತ್ರೆಗೆಂದು ತೆಗೆದಿಟ್ಟ ಹಣದಲ್ಲಿ ಮನೆ ಕಟ್ಟಿಸಿಕೊಟ್ಟರು. ಯಾತ್ರೆ ಅಲ್ಲಿಗೇ ನಿಂತಿತು. ಆಮೇಲೆ 250ಕ್ಕೂ ಹೆಚ್ಚು ಮನೆ, ಜಾತಿ ಮತ ಕೇಳದೆ. ಅದಕ್ಕೂ ಹಿಂದಿನ ತಲೆಮಾರಿಗೆ ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು, ಒಂದೇ ಆಯುಸ್ಸಿನಲ್ಲಿ ಮೇಷ್ಟ್ರು, ಕವಿ, ಕೃಷಿಕ, ಪಂಚಾಯತ್ ಅಧ್ಯಕ್ಷ. ಕನ್ನಡಕ್ಕಾಗಿ ಹೋರಾಡಿದವರೆಂದು ನಾವು ಅವರಿಗೆ ಹಾರ ಹಾಕುತ್ತೇವೆ. ಪಂಚಾಯತ್ ಅಧ್ಯಕ್ಷರಾಗಿ ರಸ್ತೆ, ನೀರು, ಶಾಲೆ ಎಂದು ಓಡಾಡಿದವರೆಂದು ನೆನೆಯುವವರು ಕಡಿಮೆ. ನನಗೆ ಎರಡನೆಯದೂ ಸಮಾನ ಮುಖ್ಯ.

ಮತ್ತೆ ಆ ಹುಡುಗಿಯ ಕಡೆಗೆ ಬರುತ್ತೇನೆ, ಅವಳ ಕಥೆಯ ಕೊನೆಯ ಭಾಗ ಉಳಿದಿದೆ. ಕೋವಿಡ್ ಇಳಿದ ಮೇಲೆ ಗ್ರಾಮಸಭೆ ಕರೆದರು. ಕೇರಳದಲ್ಲಿ ಗ್ರಾಮಸಭೆ ಎಂದರೆ ವಾರ್ಡಿನ ಸಭೆ, ಮೂರು ತಿಂಗಳಿಗೊಮ್ಮೆ ಆಗಬೇಕು, ಮತದಾರರಲ್ಲಿ ಶೇಕಡಾ 10ರಷ್ಟು ಮಂದಿ ಇದ್ದರೆ ಕೋರಂ. ನೋಟೀಸು, ಫಲಾನುಭವಿ ಪಟ್ಟಿ ಎಲ್ಲ ಮಲಯಾಳದಲ್ಲಿ. ಇವಳು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹುಡುಕಿ ಓದಿದ್ದಳು. ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ವ್ಯವಹರಿಸಬಹುದೆಂದು ಅದರಲ್ಲೇ ಬರೆದಿದ್ದಾರೆ. ಒಂದು ಪುಟದ ಮನವಿ ಬರೆದಳು: ನಮ್ಮ ವಾರ್ಡಿನ ನೋಟೀಸು ಕನ್ನಡದಲ್ಲೂ ಬರಲಿ. ಆದರೆ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಬಂದಿರಲಿಲ್ಲ. ಮಾತಾಡಬೇಕಾದವರು ಅಮ್ಮ.

ಗ್ರಾಮಸಭೆಯಲ್ಲಿ ಹೆಂಗಸರು ಕಡಿಮೆ ಇರುವುದಿಲ್ಲ, ಮಹಿಳಾ ಸಂಘಗಳ ಕುಟುಂಬಶ್ರೀಯವರು, ಉದ್ಯೋಗ ಖಾತರಿಯವರು ತುಂಬ ಬರುತ್ತಾರೆ, ಸಹಿ ಹಾಕಿ ಹಿಂದೆ ಕೂರುತ್ತಾರೆ. ಆ ತಾಯಿಯೂ ಹಾಗೇ ಕೂತು ಬರುತ್ತಿದ್ದವರು. ಅವತ್ತು ಎದ್ದರು. ಮಗಳು ಬರೆದ ಕನ್ನಡವನ್ನು ಓದಲು ಶುರು ಮಾಡಿ, ಎರಡನೆಯ ಸಾಲಿನಲ್ಲಿ ತಡವರಿಸಿ, ಕಾಗದ ಮಡಚಿ ತುಳುವಿನಲ್ಲೇ ಹೇಳಿದರು. ಪಾರೆಯ ಅಜ್ಜಿಯ ಪಿಂಚಣಿ ಹೇಗೆ ನಿಂತಿತು, ಯಾವ ತಾರೀಕು ದಾಟಿದ್ದರಿಂದ ನಿಂತಿತು, ಆ ತಾರೀಕು ಯಾವ ಭಾಷೆಯಲ್ಲಿ ಬರೆದಿತ್ತು. ಕಾಯ್ದೆಯ ಹೆಸರು ಹೇಳಲಿಲ್ಲ, ಮರೆತಿದ್ದರು. ಮೆಂಬರು ಮಲಯಾಳದವರು. ಒಳ್ಳೆಯ ಮನುಷ್ಯ, ತುಳು ಬರುತ್ತದೆ. ಮಿನಿಟ್ಸ್ ಬರೆಯುವವರಿಗೆ ತಾವೇ ಮಲಯಾಳದಲ್ಲಿ ಹೇಳಿ ಬರೆಸಿದರು. ಮುಂದಿನ ಸಭೆಗೆ ಪಂಚಾಯತಿನಿಂದ ಕನ್ನಡ ನೋಟೀಸು ಬರಲಿಲ್ಲ. ಆದರೆ ಮೆಂಬರು ಮಲಯಾಳದ ನೋಟೀಸನ್ನು ಮೊದಲೇ ಮಕ್ಕಳ ಕೈಗೆ ಕೊಟ್ಟರು, ಮಕ್ಕಳು ಕನ್ನಡದಲ್ಲಿ ಬರೆದು ರೇಷನ್ ಅಂಗಡಿಯ, ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದರು. ಈಗಲೂ ಹಾಗೇ ನಡೆಯುತ್ತಿದೆ. ಹುಡುಗಿ ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಗೋಡೆಗೆ ಅಂಟಿಸುವವರು ಅವಳ ನಂತರದ ಎರಡನೆಯ ತಂಡದವರು, ಅವರಲ್ಲಿ ಕೆಲವರಿಗೆ ಇದನ್ನು ಶುರು ಮಾಡಿದ್ದು ಯಾರೆಂದೂ ಗೊತ್ತಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಹತ್ತು ನಿಮಿಷ ಕೊಟ್ಟರು. ಹದಿನೆಂಟು ಆಗದವರು ಗ್ರಾಮಸಭೆಗೆ ಹೋಗಬಹುದೇ ಎಂದು ಒಬ್ಬ ಹುಡುಗ ಕೇಳಿದ. ಸದಸ್ಯರು ಮತದಾರರು ಮಾತ್ರ, ಆದರೆ ಹಿಂದೆ ಕೂತು ಕೇಳುವವರನ್ನು ಎಬ್ಬಿಸಿ ಕಳಿಸಿದ್ದನ್ನು ನಾನು ನೋಡಿಲ್ಲ, ಮನೆಯವರನ್ನು ಕರೆದುಕೊಂಡು ಹೋಗಿ ಎಂದೆ. ಕುಟುಂಬಶ್ರೀಯ ಮಕ್ಕಳ ಕೂಟ, ಬಾಲಸಭೆ, ಹೇಗೂ ನಿಮ್ಮದೇ ಎಂದೂ ಹೇಳಿದೆ. ಕೊನೆಗೆ ಒಬ್ಬ ತಾಯಿ ಎದ್ದರು. ‘ಮಗಳು ಊರಿನ ಕೆಲಸ ಎಂದು ಸಂಜೆಯೆಲ್ಲ ಹೊರಗಿದ್ದರೆ ಮನೆಯ ಕೆಲಸ ಯಾರು ಮಾಡುವುದು ಸಾರ್?’ ಸಭೆ ನಕ್ಕಿತು, ಅವರು ನಗಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದೆ. ಅಣ್ಣ, ಪ್ಲಸ್ ಟು, ಇದೇ ಶಿಬಿರದಲ್ಲಿದ್ದಾನೆ. ಯಾವ ತಂಡ ಎಂದು ವಿಚಾರಿಸಿದರೆ ಅಡುಗೆ ತಂಡ. ಇವತ್ತಿನ ಸಾರು ಮಾಡಿದ್ದೇ ಅವನಂತೆ. ಸಾರು ಚೆನ್ನಾಗಿತ್ತು, ಉಪ್ಪು ಸ್ವಲ್ಪ ಮುಂದಾಗಿತ್ತು. ಶಿಬಿರ ಮುಗಿಸಿ ಬಂದ ಮೇಲೂ ಅವನನ್ನು ಆ ತಂಡದಿಂದ ಬಿಡುಗಡೆ ಮಾಡಬೇಡಿ ಎಂದೆ.